ಹಾನ್ ಆಂಟಿಯ ಅಕ್ಕಿ ಪಾನಕ

ಎರಡು ವರ್ಷದ ಹಿಂದಿನ ಮಾತು. ನನ್ನ ಗಂಡನಿಗೆ ಐರ್ಲೆಂಡಿನ ಡ್ರೋಹೆಡಾ ಊರಿನ ಆಸ್ಪತ್ರೆಯಲ್ಲಿ ಡಾಕ್ಟರ್ ಕೆಲಸ ಸಿಕ್ಕಿ, ನಾವು ಡಬ್ಲಿನ್‌ನ ಸಿಟಿವೆಸ್ಟ್ ಬಡಾವಣೆಯ ಫ್ಲ್ಯಾಟ್ ಬಿಟ್ಟು ಆ ಊರಲ್ಲೇ ಒಂದು ಬಾಡಿಗೆ ಮನೆ ಹಿಡಿದಿದ್ದೆವು. ಅರ್ಧ ಸಾಮಾನು ಇನ್ನೂ ರಟ್ಟಿನ ಪೆಟ್ಟಿಗೆಗಳಲ್ಲೇ ಇತ್ತು. ಆದರೆ ಹೊಸ ಮನೆಗೆ ಹೋದವರು ಅಕ್ಕಪಕ್ಕದವರಿಗೆ ಏನಾದರೂ ಕೊಟ್ಟು ಮಾತಾಡಿಸದೆ ಇದ್ದರೆ ನನಗೆ ಸಮಾಧಾನವಿಲ್ಲ. ಎರಡನೆಯ ಶನಿವಾರ ಬೆಳಿಗ್ಗೆ ಒಂದು ಡಬ್ಬಿ ಕೋಡುಬಳೆ ಹಿಡಿದು, ಒಂಬತ್ತು ವರ್ಷದ ಮಗಳು ಅನಘಳನ್ನೂ ಎಳೆದುಕೊಂಡು ಹೋಗಿ ಪಕ್ಕದ ಮನೆಯ ಬೆಲ್ ಒತ್ತಿದೆ.

ಬಾಗಿಲು ತೆಗೆದವರು ಅರವತ್ತೈದರ ಆಸುಪಾಸಿನ ಒಬ್ಬ ಹೆಂಗಸು. ಕೊರಿಯಾದವರು, ಇಪ್ಪತ್ತು ವರ್ಷದಿಂದ ಐರ್ಲೆಂಡಿನಲ್ಲೇ ಇದ್ದಾರೆ. ಬೀದಿಯವರೆಲ್ಲ ಅವರನ್ನು ಮಿಸೆಸ್ ಹಾನ್ ಅನ್ನುತ್ತಾರೆ. ನನಗೆ ಹಿರಿಯರನ್ನು ಹಾಗೆ ಕರೆಯಲು ನಾಲಿಗೆ ಹೊರಳುವುದಿಲ್ಲ, ಬಾಗಿಲಲ್ಲೇ ಆಂಟಿ ಅಂದುಬಿಟ್ಟೆ. ಅವರು ಡಬ್ಬಿಯನ್ನು ಎರಡೂ ಕೈಯಲ್ಲಿ ಈಸಿಕೊಂಡು, ತಲೆ ಬಗ್ಗಿಸಿ, ಒಳಗೆ ಕರೆದರು.

ಐದು ನಿಮಿಷ ಎಂದು ಹೋದವಳು ಒಂದೂವರೆ ಗಂಟೆ ಕೂತೆ. ಮೊದಲು ಹುರಿದ ಬಾರ್ಲಿ ಕುದಿಸಿದ ನೀರು ಬಂತು. ಅವರ ಮನೆಯಲ್ಲಿ ಬಾಯಾರಿದರೆ ಕುಡಿಯುವುದೇ ಅದಂತೆ. ಆಮೇಲೆ ಯೂಜಾ ಎಂಬ ನಿಂಬೆಜಾತಿಯ ಹಣ್ಣನ್ನು ಸಿಪ್ಪೆ ಸಮೇತ ಸಕ್ಕರೆಯಲ್ಲಿ ಹಾಕಿಟ್ಟಿದ್ದನ್ನು ಬಿಸಿನೀರಿಗೆ ಬೆರೆಸಿ ಕೊಟ್ಟರು. ಅದರ ಘಮಕ್ಕೇ ನನ್ನ ವಾರದ ನೆಗಡಿ ಅರ್ಧ ಇಳಿಯಿತು. ಅನಘಳಿಗೆ ಮಿಸುಗಾರು. ಏಳೆಂಟು ಧಾನ್ಯಗಳನ್ನು ಹುರಿದು ಬೀಸಿದ ಹಿಟ್ಟು, ತಣ್ಣನೆಯ ಹಾಲು, ಮೇಲೆ ಜೇನು. ನಮ್ಮ ಹುರಿಹಿಟ್ಟೇ! ಮನೆಯಲ್ಲಿ ಹುರಿಹಿಟ್ಟು ಕಂಡರೆ ಮುಖ ಸಿಂಡರಿಸುವ ಮಗಳು ಇಲ್ಲಿ ಮೂಗಿನ ತುದಿಯವರೆಗೆ ಹಾಲು ಮಾಡಿಕೊಂಡು, “ಇಟ್ಸ್ ಲವ್ಲಿ, ಸೋ ಇಟ್ ಈಸ್” ಅಂದಳು. ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ಮನೆ ಹೇಳಿಲ್ಲ.

ಕೊನೆಗೆ ಫ್ರಿಜ್‌ನಿಂದ ದೊಡ್ಡ ಗಾಜಿನ ಜಾರ್ ಬಂತು. ಅದು ಸಿಖ್ಯೆ. ತೆಳ್ಳಗೆ, ಮಂಜುಮಂಜಾಗಿ, ಮೇಲೆ ಅಕ್ಕಿಯ ಅಗುಳು ತೇಲುತ್ತಿದ್ದ ಪಾನಕ. ಒಂದು ಗುಟುಕಿಗೇ ನಾನು ಸೋತುಹೋದೆ. ಸಕ್ಕರೆಯ ಸಿಹಿಯಲ್ಲ ಅದು, ಅನ್ನವನ್ನು ಬಹಳ ಹೊತ್ತು ಅಗಿದಾಗ ಬರುತ್ತದಲ್ಲ, ಆ ಸಿಹಿ. ಮೊಳಕೆ ಬಂದ ಬಾರ್ಲಿಯನ್ನು ಒಣಗಿಸಿ ಪುಡಿ ಮಾಡಿ, ನೆನೆಸಿ, ಅದರ ತಿಳಿನೀರನ್ನು ಅನ್ನಕ್ಕೆ ಹೊಯ್ದು ಗಂಟೆಗಟ್ಟಲೆ ಬೆಚ್ಚಗಿಟ್ಟರೆ ಅನ್ನ ತಾನಾಗಿ ಸಿಹಿಯಾಗುತ್ತದೆ ಎಂದು ಆಂಟಿ ವಿವರಿಸಿದರು.

ಲೋಟದಲ್ಲಿ ಉಳಿಸಿ ಏಳುವುದು ನಮ್ಮ ಮನೆಯಲ್ಲಿ ದೊಡ್ಡ ಅಪರಾಧ. ಕೊನೆಯ ಅಗುಳಿನವರೆಗೆ ಮುಗಿಸಿದೆ. ಆಂಟಿ ತಕ್ಷಣ ಮತ್ತೆ ತುಂಬಿಸಿದರು. “ಸಾಕು ಆಂಟಿ, ಸಾಕು” ಅಂದೆ. ಅವರು ನಕ್ಕರು. ನಮ್ಮಲ್ಲಿ ‘ಸಾಕು’ ಅಂದರೆ ಬಡಿಸುವವರು ಕೇಳಿಸಿಕೊಳ್ಳುತ್ತಾರೆಯೇ? ಅವರಲ್ಲೂ ಹಾಗೆಯೇ. ಬಗ್ಗಿಸಿದರಲ್ಲ ಎಂದು ನಾನು ಮುಗಿಸುವುದು, ಮುಗಿಸಿದರಲ್ಲ ಎಂದು ಅವರು ಬಗ್ಗಿಸುವುದು. ಅಷ್ಟರಲ್ಲಿ ಡ್ಯೂಟಿ ಮುಗಿಸಿದ್ದ ನನ್ನ ಗಂಡ ನಮ್ಮನ್ನು ಹುಡುಕಿಕೊಂಡು ಬಂದರು. ಆಂಟಿ ಅವರನ್ನೂ ಕೂರಿಸಿ, ಎರಡೂ ಕೈಯಲ್ಲಿ ಹಿಡಿದು ಲೋಟ ಕೊಟ್ಟರು. ಮನುಷ್ಯ ದಣಿದಿದ್ದರು, ಮೂರು ಲೋಟ ಇಳಿಸಿದರು. ಜಾರ್ ಬೋರಲಾಯಿತು. ಆಂಟಿಯ ಮುಖದ ನಗು ಕೂದಲೆಳೆಯಷ್ಟೂ ಕದಲಲಿಲ್ಲ.

ನಾವು ಏಳುವ ಹೊತ್ತಿಗೆ ಅವರ ಮಗ ಜುನ್ ಕಾರ್ಕ್ ನಗರದಿಂದ ಬಂದ. ಮೂವತ್ತರ ಸುಮಾರಿನ ಸಭ್ಯ ಹುಡುಗ. ನಮಗೆ ನಮಸ್ಕಾರ ಹೇಳಿ, ತಂದಿದ್ದ ಹಣ್ಣುಗಳನ್ನು ಇಡಲು ಫ್ರಿಜ್ ತೆಗೆದ. ತಿರುಗಿ ಮೇಜಿನ ಮೇಲಿನ ಖಾಲಿ ಜಾರ್ ನೋಡಿದ. ತಾಯಿಗೆ ಕೊರಿಯನ್ನಲ್ಲಿ ಏನೋ ಕೇಳಿದ. ಅವರು ಎರಡೇ ಮಾತಿನಲ್ಲಿ ಉತ್ತರ ಕೊಟ್ಟರು. ಅವನ ಮುಖ ಇಳಿದುಹೋಯಿತು.

ದೊಡ್ಡವರು ನಾವು ಸುಮ್ಮನಿದ್ದೆವು. ಅನಘ ಸುಮ್ಮನಿರಬೇಕಲ್ಲ. “ವಾಟ್ಸ್ ರಾಂಗ್?” ಎಂದು ನೇರವಾಗಿ ಅವನನ್ನೇ ಕೇಳಿದಳು. ಹುಡುಗ ಸುಳ್ಳು ಹೇಳಲಾರದೆ ಹೇಳಿಬಿಟ್ಟ. ನಾಳೆ ಅವನ ಅಪ್ಪ ತೀರಿಕೊಂಡ ದಿನ. ಫೋಟೋ ಮುಂದೆ ಅವರಿಗೆ ಇಷ್ಟವಾದದ್ದನ್ನೆಲ್ಲ ಇಟ್ಟು ಕೈಮುಗಿಯುತ್ತಾರೆ. ಆ ಸಿಖ್ಯೆ ಅದಕ್ಕೆ ಮಾಡಿದ್ದು. ಊರಿಂದ ಬಂದಿದ್ದ ಬಾರ್ಲಿ ಮೊಳಕೆಯ ಪುಡಿಯೂ ಅಷ್ಟಕ್ಕೇ ಮುಗಿದಿತ್ತು. ಆಂಟಿ ಮಗನನ್ನು ಗದರಿಸುವ ಹಾಗೆ ನೋಡಿ, ನನ್ನ ಕೈ ಹಿಡಿದು, “ಇಟ್ಸ್ ಗ್ರ್ಯಾಂಡ್, ಇಟ್ಸ್ ಗ್ರ್ಯಾಂಡ್” ಎಂದು ಇಲ್ಲಿಯವರ ಹಾಗೆ ‘ಪರವಾಗಿಲ್ಲ’ ಹೇಳಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಜುನ್ ಡಬ್ಲಿನ್‌ನ ಕೊರಿಯನ್ ಅಂಗಡಿಗೆ ಫೋನ್ ಮಾಡಿದ. ಪುಡಿ ಬರುವುದು ಮುಂದಿನ ವಾರವಂತೆ. ಡಬ್ಬಿಯಲ್ಲಿ ತುಂಬಿದ ಸಿಖ್ಯೆ ಇತ್ತು. ಆದರೆ ಅಂಗಡಿಯ ಡಬ್ಬಿಯನ್ನು ಗಂಡನ ಮುಂದೆ ಇಡಲು ಆಂಟಿ ಒಪ್ಪಲಿಲ್ಲ.

ಮನೆಗೆ ಬಂದು ನಾನು ಗಂಡನ ಮೇಲೆ ಹರಿಹಾಯ್ದೆ. “ಮೂರು ಲೋಟ ಕುಡಿದ್ರಲ್ಲ ರೀ, ನಾಚಿಕೆ ಆಗ್ಬೇಡ್ವಾ?”

“ನೀನು ನಾಲ್ಕು ಕುಡಿದಿದ್ದೆ ಕಣೆ. ಅನಘನೇ ಹೇಳಿದ್ಳು.”

ನಾನು ಅಲ್ಲೇ ಕೂತು ಅತ್ತುಬಿಟ್ಟೆ. ನಮ್ಮಲ್ಲಿ ಹಿರಿಯರಿಗೆ ಎಡೆ ಇಡುವ ದಿನ ಉಪ್ಪು ಸರಿಯಾಗಿದೆಯೇ ಎಂದು ಕೂಡ ರುಚಿ ನೋಡುವುದಿಲ್ಲ. ನಾನು ಯಾರದೋ ಮನೆಯ ಎಡೆಯನ್ನು ಪೂರ್ತಿ ಕುಡಿದು, ಚೆನ್ನಾಗಿದೆ ಎಂದು ಹೊಗಳಿ ಬಂದಿದ್ದೆ.

ಮೊಳಕೆ ಕಟ್ಟಿ, ಒಣಗಿಸಿ, ಪುಡಿ ಮಾಡುವುದು ಎಂಬ ಮಾತು ಮಾತ್ರ ತಲೆಯೊಳಗೆ ಸುತ್ತುತ್ತಲೇ ಇತ್ತು. ನಾವು ರಾಗಿಗೆ ಮಾಡುವುದೂ ಅದನ್ನೇ ಅಲ್ಲವೇ? ಮದ್ದೂರಿನಲ್ಲಿರುವ ನಮ್ಮಕ್ಕ ಕಳಿಸಿದ್ದ ಮೊಳಕೆ ರಾಗಿ ಹಿಟ್ಟು ಯಾವುದೋ ಪೆಟ್ಟಿಗೆಯಲ್ಲಿತ್ತು. ಗಂಡನಿಗೆ ಹೇಳಿದೆ. ಅವರು ಸ್ವಲ್ಪ ಯೋಚಿಸಿ, “ಆಗ್ಬಹುದು. ಆದ್ರೆ ಹುರಿದಿದ್ರೆ ಅನ್ನ ಸಿಹಿ ಮಾಡೋ ಕಸುವು ಹೋಗಿರುತ್ತೆ. ನಿಮ್ಮಕ್ಕನ್ನ ಕೇಳು” ಎಂದರು.

ಅಕ್ಕನಿಗೆ ಫೋನ್ ಮಾಡಿದೆ. “ಈ ಸಲ ಹುರ್ದಿಲ್ಲ ಕಣೆ, ಗ್ಯಾಸ್ ಖಾಲಿಯಾಗಿತ್ತು. ಬರೀ ಬಿಸಿಲಲ್ಲಿ ಒಣಗಿಸಿದ್ದು. ಯಾಕೆ, ಹುಳ ಬಿತ್ತಾ?” ಎಂದಳು. ಜೀವ ಬಂದ ಹಾಗಾಯಿತು.

ಏಳು ಪೆಟ್ಟಿಗೆ ಬಿಚ್ಚಿ ಹಿಟ್ಟು ಹುಡುಕಿ ಓಡಿದೆ. ಆಂಟಿ ಒಂದು ಚಿಟಿಕೆ ನಾಲಿಗೆಗಿಟ್ಟು ಕಣ್ಣು ಮುಚ್ಚಿದರು. ಇವಳ ಊರಿನ ಯಾವುದೋ ಕಂದು ಹಿಟ್ಟು, ಬೇಡ ಎನ್ನುತ್ತಾರೇನೋ ಎಂದು ನಾನು ಉಸಿರು ಹಿಡಿದು ನಿಂತಿದ್ದೆ. ಅವರು ಸೆರಗಿನಂಥ ಏಪ್ರನ್ ಕಟ್ಟಿಕೊಂಡರು.

ಅವರ ಕೆಲಸ ನೋಡುವುದೇ ಒಂದು ಭಾಗ್ಯ. ಹಿಟ್ಟನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕೈಯಿಂದಲೇ ಕಿವುಚಿ, ತಳ ಕೂರಲು ಬಿಟ್ಟರು. ನಾನು ಕಲಕಲು ಹೋದರೆ ಕೈ ಮೇಲೆ ಮೆತ್ತಗೆ ಒಂದೇಟು. ಮೇಲಿನ ತಿಳಿಯನ್ನಷ್ಟೇ, ಪಾತ್ರೆಗೆ ನಿದ್ದೆ ಕೆಡಬಾರದು ಎಂಬಷ್ಟು ನಿಧಾನವಾಗಿ ಅನ್ನಕ್ಕೆ ಬಸಿದರು. ರೈಸ್ ಕುಕ್ಕರಿನ ಬೆಚ್ಚಗಿಡುವ ಗುಂಡಿ ಒತ್ತಿದರು. ಅಗುಳು ಮೇಲೆದ್ದು ತೇಲಿದರೆ ಆಯಿತು, ತೇಲದಿದ್ದರೆ ಇಲ್ಲ.

ಮಧ್ಯಾಹ್ನ ಒಂದರಿಂದ ಕಾದೆವು. ನಾಲ್ಕಕ್ಕೆ ಮುಚ್ಚಳ ತೆಗೆದರೆ ಅನ್ನ ತಳದಲ್ಲೇ ಮಲಗಿತ್ತು. ಐದಕ್ಕೂ ಹಾಗೆಯೇ. ನಾನು ಗೊತ್ತಿದ್ದ ದೇವರಿಗೆಲ್ಲ ಹೇಳಿಕೊಂಡೆ. ಆಂಟಿ ಮಾತ್ರ ಸೇಬು ಒರೆಸುತ್ತ, “ಅಕ್ಕಿಗೆ ಹೊಸ ಗೆಳತಿ. ಪರಿಚಯ ಆಗೋಕೆ ಟೈಮ್ ಬೇಕು” ಎಂದರು. ಆರೂಕಾಲಿಗೆ ಒಂದು ಅಗುಳು ಎದ್ದಿತು. ಆಮೇಲೆ ಮೂರು. ಆಮೇಲೆ ಎಣಿಸಲಾಗದಷ್ಟು. ಜುನ್ ಕೂಗಿದ, ನಾನು ಆಂಟಿಯನ್ನು ತಬ್ಬಿಕೊಂಡೆ. ಸಿಹಿ ಕಡಿಮೆಯೇ ಇತ್ತು, ಸ್ವಲ್ಪ ಸಕ್ಕರೆ ಹಾಕಿ ಕುದಿಸಿ ಆರಿಸಿದರು.

ಮರುದಿನ ನಮ್ಮನ್ನೂ ಕರೆದರು. ಫೋಟೋ ಮುಂದೆ ಹಣ್ಣು, ಮೀನು, ಅನ್ನದ ಜೊತೆಗೆ ಕೆಂಚು ಬಣ್ಣದ ಸಿಖ್ಯೆಯ ಬಟ್ಟಲು. ಎಲ್ಲರೂ ಅಡ್ಡಬಿದ್ದ ಮೇಲೆ ಆಂಟಿ ಫೋಟೋ ಕಡೆ ನೋಡಿ ಏನೋ ಹೇಳಿದರು. ಜುನ್ ಪಿಸುಗುಟ್ಟಿದ: “ಈ ವರ್ಷ ಬಣ್ಣ ಬೇರೆ, ಪಕ್ಕದ ಮನೆಯವರ ಊರಿನದು, ಗೊಣಗದೆ ಕುಡೀರಿ ಅಂತಿದ್ದಾರೆ.”

ಆಮೇಲೆ ಅದನ್ನೇ ಎಲ್ಲರಿಗೂ ಹಂಚಿದರು, ನಮ್ಮ ಪ್ರಸಾದದ ಹಾಗೆ. ನನಗೆ ತಡೆಯಲಾಗಲಿಲ್ಲ. “ಆಂಟಿ, ನಾಳೆಗೆ ಬೇಕು ಅಂತ ನಿನ್ನೆ ಒಂದು ಮಾತು ಹೇಳಬಾರದಿತ್ತಾ?” ಎಂದು ಕೇಳಿಯೇಬಿಟ್ಟೆ.

ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. ತಮ್ಮ ನಿಧಾನದ ಇಂಗ್ಲಿಷಿನಲ್ಲಿ ಹೇಳಿದರು: “ನಮ್ಮ ಯಜಮಾನ್ರು ಇದ್ದಿದ್ರೆ ಅವರ ಲೋಟಾನೂ ನಿಮಗೇ ಕೊಡ್ತಿದ್ರು. ಸಿಖ್ಯೆ ಇಲ್ಲ ಅಂದ್ರೆ ಬಾರ್ಲಿ ನೀರು ಇಡ್ತಿದ್ದೆ, ಅವರು ಅದನ್ನೂ ಕುಡೀತಾರೆ. ಆದ್ರೆ ಮನೆಗೆ ಬಂದವರ ಎದುರಿಗೆ ಜಾರ್ ಮುಚ್ಚಿ ಇಟ್ಕೊಂಡಿದ್ರೆ, ಇವತ್ತು ಅವರ ಮುಂದೆ ಯಾವ ಮುಖ ಇಟ್ಕೊಂಡು ನಿಲ್ಲಲಿ?”

ನಾನಾಗಿದ್ದರೆ ಎರಡನೆಯ ಲೋಟಕ್ಕೇ ಜಾರ್ ಎತ್ತಿ ಒಳಗಿಡುತ್ತಿದ್ದೆ. ಅದನ್ನು ಒಪ್ಪಿಕೊಳ್ಳಲು ನನಗೆ ಇವತ್ತಿಗೂ ಸಂಕೋಚವಿಲ್ಲ. ಸಂಕೋಚವಾಗುವುದು ಬೇರೆ ವಿಷಯಕ್ಕೆ. ತಪ್ಪು ಸರಿಮಾಡಿದೆ ಎಂದು ಹಿಂದಿನ ಸಂಜೆಯಿಂದ ನಾನು ಒಳಗೊಳಗೇ ಬೀಗುತ್ತಿದ್ದೆ. ಆಂಟಿಯ ಮನಸ್ಸಿನಲ್ಲಿ ಅಲ್ಲಿ ತಪ್ಪೇ ಆಗಿರಲಿಲ್ಲ.