ಚಪ್ಪಲಿ ಆ ಕಡೆ, ನಾವು ಈ ಕಡೆ

ನಮ್ಮ ಭಾನುವಾರದ ನಡಿಗೆ ಗುಂಪಿಗೆ ನಾನೇ ನಾಯಕಿ. ಯಾರೂ ಮಾಡಿದ್ದಲ್ಲ, ನಾನೇ ಆಗಿದ್ದು. ಗೌರಿಬಿದನೂರಿನ ನಮ್ಮ ಬೀದಿಯ ಏಳೆಂಟು ಹೆಂಗಸರು, ಎಲ್ಲರಿಗೂ ಮಂಡಿನೋವು, ಎಲ್ಲರ ಚೀಲದಲ್ಲೂ ಚಿತ್ರಾನ್ನದ ಡಬ್ಬಿ. ಟೀಚರ್ ಕೆಲಸ ಮಾಡಿದ ಗಂಟಲು ಇನ್ನೂ ಗಟ್ಟಿಯಾಗಿದೆಯಲ್ಲ, ಮುಂದೆ ಹೋಗೋಕೆ ಅದೊಂದೇ ನನಗಿರೋ ಅರ್ಹತೆ.

ಆ ವಾರ ಚಿಂತಾಮಣಿಯಿಂದ ತಂಗಿಯನ್ನು ಕರೆಸಿದ್ದೆ. ಅವಳ ಗಂಡ ತೀರಿಹೋಗಿ ವರ್ಷವಾಗಿತ್ತು. ಅಲ್ಲಿಂದೀಚೆಗೆ ಮನೆಯಿಂದ ಹೊರಗೆ ಬಂದವಳಲ್ಲ. ಏನು ಕೇಳಿದರೂ ತಲೆ ಆಡಿಸೋದು, ಅಷ್ಟೇ. ಅಂಥಾ ಜಗಳಗಂಟಿ ಹೀಗೆ ಮಾತು ನಿಲ್ಲಿಸಿದ್ದು ನೋಡಿ ನನಗೆ ಭಯವಾಗಿತ್ತು. ಒಂದು ಸಲ ಬಂದು ನೋಡು, ಹಿಡಿಸದಿದ್ದರೆ ಇನ್ನು ಯಾವತ್ತೂ ಕರೆಯಲ್ಲ ಅಂತ ಮಾತು ಕೊಟ್ಟು ಎಳ್ಕೊಂಡು ಬಂದಿದ್ದೆ. ಹಾಗಾಗಿ ಆವತ್ತಿನ ನಡಿಗೆ ಕೆಡುವ ಹಾಗೇ ಇರಲಿಲ್ಲ.

ಮಂಚೇನಹಳ್ಳಿ ಕಡೆ ಒಂದು ಹಳೇ ದೇವರ ತೋಪಿದೆ. ಅಲ್ಲಿ ಮರಕ್ಕೆ ಕೊಡಲಿ ಹಾಕೋ ಹಾಗಿಲ್ಲ, ಚಪ್ಪಲಿ ಕಾಲಲ್ಲಿ ಒಳಗೆ ಹೋಗೋ ಹಾಗಿಲ್ಲ. ಅಂಚಿನಲ್ಲೇ ಚಪ್ಪಲಿ ಬಿಟ್ಟು ನಡೆದೆವು. ಒಳಗೆ ನೇರಳೆ, ಹೊಂಗೆ, ಹುಣಸೆ, ಯಾವ ಕಾಲದವೋ ಏನೋ. ಕಾಲಡಿ ತರಗೆಲೆ ಮೆತ್ತಗಿತ್ತು. ನಾನು ಗೊತ್ತಿರುವ ಮರದ ಹೆಸರು ಹೇಳುತ್ತಾ, ಗೊತ್ತಿಲ್ಲದ ಮರಕ್ಕೆ ನಾನೇ ಒಂದು ಹೆಸರು ಕಟ್ಟುತ್ತಾ ಹೋದೆ. ಅರ್ಧಕ್ಕೆ ವಾಪಸ್ ತಿರುಗಬೇಕಿತ್ತು. ಮಾತಿನ ಭರದಲ್ಲಿ ಆಚೆ ಅಂಚು ದಾಟಿ, ಬಂಡೆ ದಾಟಿ, ಎಲ್ಲರನ್ನೂ ಬಯಲಿನ ಕುರುಚಲು ಕಾಡಿಗೆ ಇಳಿಸಿಬಿಟ್ಟಿದ್ದೆ. ಮೊದಲ ಮುಳ್ಳು ಚುಚ್ಚಿದಾಗಲೇ ಎಲ್ಲರಿಗೂ ಚಪ್ಪಲಿ ನೆನಪಾಗಿದ್ದು.

ಆಗಲಾದರೂ ಬಂದ ದಾರಿ ಹಿಡೀಬೇಕಾ ಬೇಡವಾ? ಊಹೂಂ, ನಾಯಕಿಯ ಮರ್ಯಾದೆ ಏನಾಗಬೇಕು! ತೋಪು ಸುತ್ತಿಕೊಂಡು ಹೋದರೆ ಹತ್ತಿರ ಅಂದೆ. ಆ ಕಡೆ ದಾರಿ ಇದೆಯೋ ಇಲ್ಲವೋ ಅನ್ನೋದೇ ನನಗೆ ಗೊತ್ತಿರಲಿಲ್ಲ. ನೋಡಿದರೆ ಬರೀ ಜಾಲಿ, ನೆಲದ ತುಂಬಾ ನೆಗ್ಗಿಲಮುಳ್ಳು. ಗುಂಪು ಕುಂಟುತ್ತಾ, ಗೊಣಗುತ್ತಾ ಬಂತು. ತಂಗಿ ಮಾತ್ರ ತುಟಿ ಬಿಚ್ಚಲಿಲ್ಲ. ಮುಗೀತು, ಇವಳು ಇನ್ನು ಹೊಸಿಲು ದಾಟಲ್ಲ ಅನಿಸಿ ನನಗೆ ಅಳುವೇ ಬಂತು. ಅಷ್ಟರಲ್ಲಿ ಜಾಲಿಮುಳ್ಳೊಂದು ಹಿಮ್ಮಡಿಗೆ ಇಳಿದು, ಇದ್ದಲ್ಲೇ ದೊಪ್ಪನೆ ಕೂತೆ.

ತಂಗಿ ಬಂದು ನನ್ನ ಕಾಲನ್ನು ತೊಡೆ ಮೇಲೆ ಎಳ್ಕೊಂಡು, ಸೆರಗಿನ ಪಿನ್ನು ತೆಗೆದು ಮುಳ್ಳು ಕೀಳೋಕೆ ಶುರುಮಾಡಿದಳು. ಕೀಳ್ತಾ ಕೀಳ್ತಾ ಬಾಯಿ ಬಿಟ್ಟಳು. "ನೀಕು ಬುದ್ಧಿ ಉಂದಾ ಅಕ್ಕಾ?" ಸಿಟ್ಟು ಬಂದರೆ ನಮ್ಮ ಮನೇಲಿ ತೆಲುಗೇ ಮೊದಲು ಬರೋದು. ಆಮೇಲೆ, ಬುದ್ಧಿ ಇದೆಯಾ ನಿನಗೆ ಅಂತ ಕನ್ನಡಕ್ಕೆ ಇಳಿದಳು. ಚಿಕ್ಕಂದಿನಲ್ಲಿ ಅವಳನ್ನು ಗುರುತೇ ಇಲ್ಲದ ಯಾರದೋ ಮದುವೆಗೆ ಕರ್ಕೊಂಡು ಹೋಗಿ ಊಟಕ್ಕೆ ಕೂರಿಸಿದ್ದು, ತಪ್ಪು ಬಸ್ಸು ಹತ್ತಿಸಿ ಮುರುಗಮಲ್ಲದಲ್ಲಿ ಇಳಿಸಿದ್ದು, ನನ್ನ ಜಂಭ, ನನ್ನ ಗಂಟಲು, ಯಾವುದನ್ನೂ ಬಿಡಲಿಲ್ಲ. ಉಳಿದವರು ಅಯ್ಯೋ ಪಾಪ ಅಂತ ನನ್ನ ಮುಖ ನೋಡುತ್ತಿದ್ದರು. ನನಗೋ ಹೇಳಲಾರದಷ್ಟು ಖುಷಿ. ಇನ್ನೊಂದಿಷ್ಟು ಬೈಯಲಿ ಅಂತ, ಮುಳ್ಳು ಬಂದಮೇಲೂ ಕಾಲು ಹಿಂದಕ್ಕೆ ತಗೊಳ್ಳಲಿಲ್ಲ.

ಅವಳೇ ಎಲ್ಲರನ್ನೂ ತಿರುಗಿಸಿ ತೋಪಿನ ಒಳಗಿಂದ ವಾಪಸ್ ಕರ್ಕೊಂಡು ಹೋದಳು. ದಾರಿಯುದ್ದಕ್ಕೂ ಬೈಗುಳ ನಿಲ್ಲಲಿಲ್ಲ. ಚಪ್ಪಲಿ ಮೆಟ್ಟಿಕೊಂಡಾದ ಮೇಲೆ, ನನ್ನ ಕಡೆ ನೋಡದೇ ಅಂದಳು:

"ಬರೋ ಭಾನುವಾರ ಮುಂದೆ ನಾನು ಹೋಗ್ತೀನಿ. ನೀನು ಬಾಯಿ ಮುಚ್ಕೊಂಡು ಹಿಂದೆ ಬಾ."