ಗಿರಿಜಕ್ಕ ಯಾಕೆ ನಗಲಿಲ್ಲ?

ಹುಡುಗಿಯ ತಾಯಿ ನಗಲಿಲ್ಲ ಎಂಬ ಒಂದೇ ಕಾರಣಕ್ಕೆ ಕಳೆದ ವಾರ ಒಂದು ಸಂಬಂಧ ಮುರಿಯುವುದರಲ್ಲಿತ್ತು. ನಂಬ್ತೀರಾ?

ನಾನೇ ಸಾಕ್ಷಿ. ಹುಡುಗಿ ಪಲ್ಲವಿ. ತಾಯಿ ಗಿರಿಜಕ್ಕ, ನನ್ನ ದೊಡ್ಡಪ್ಪನ ಮಗಳು. ನಿಶ್ಚಿತಾರ್ಥದ ಸೀರೆ ತರಲು ಮೂವರೂ ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗಿದ್ದೆವು. ಹುಡುಗನ ತಾಯಿ ಶಾರದಮ್ಮ ಕೊಂಡ್ಲಹಳ್ಳಿಯಿಂದ ಬಂದಿದ್ದರು. ನೇಕಾರರ ಮನೆಯ ಪಡಸಾಲೆ ತುಂಬ ರೇಷ್ಮೆ.

"ಬೀಗ್ರೇ, ಈ ನೀಲಿ ಹೆಂಗೈತೆ?" ಶಾರದಮ್ಮ ಉತ್ಸಾಹದಿಂದ ಕೇಳಿದರು. ಗಿರಿಜಕ್ಕನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಇನ್ನೊಂದು ಸೀರೆ ತೋರಿಸಿದರು. ಅದೇ ಮುಖ.

ಶಾರದಮ್ಮ ನನ್ನನ್ನು ಜಗಲಿಗೆ ಕರೆದರು. "ನಿಮ್ಮಕ್ಕಗೆ ಈ ಸಂಬಂಧ ಮನ್ಸಿಗೆ ಬಂದಂಗಿಲ್ಲ ಕಣ್ರಿ. ಇಷ್ಟ ಇಲ್ದಿದ್ರೆ ಈಗ್ಲೇ ಹೇಳ್ಬಿಡ್ರಿ."

ನಿಜ ಹೇಳಿದರೆ ರೋಗದ ಮನೆ ಅಂದುಕೊಂಡಾರು. ಹೇಳದಿದ್ದರೆ ಜಂಬದ ಮನೆ. ಯಾವುದು ವಾಸಿ?

ಹಿಂದೆಯೇ ಬಂದ ಪಲ್ಲವಿ ಅಷ್ಟೆಲ್ಲ ಯೋಚಿಸಲಿಲ್ಲ. "ಅತ್ತೆ, ಅವ್ವಗೆ ಪಾರ್ಕಿನ್ಸನ್ ಐತೆ. ಒಳಗೆ ನಗ್ತಾಳೆ, ಮುಖಕ್ಕೆ ಬರಲ್ಲ."

"ಕೈ ನಡುಗಲ್ವಲ್ಲಮ್ಮ?" (ನಮಗೆಲ್ಲ ಗೊತ್ತಿರುವ ಪಾರ್ಕಿನ್ಸನ್ ಅಷ್ಟೇ ತಾನೇ!)

ಎಲ್ಲರಿಗೂ ನಡುಕ ಬರಲೇಬೇಕೆಂದಿಲ್ಲ ಎಂದು ನಮ್ಮ ಡಾಕ್ಟರ್ ಹೇಳಿದ್ದನ್ನೇ ಅವರಿಗೂ ಹೇಳಿದೆ. ಮಿದುಳಿನ ಆಳದಲ್ಲಿ ಡೋಪಮೈನ್ ಎಂಬ ರಾಸಾಯನಿಕ ತಯಾರಿಸುವ ನರಕೋಶಗಳಿವೆ. ಮೈಯ ಚಲನೆ ಸರಾಗವಾಗಿರಲು ಅದು ಬೇಕು. ಆ ಕೋಶಗಳು ಸಾಯುತ್ತ ಬಂದಂತೆ ಡೋಪಮೈನ್ ಕಡಿಮೆಯಾಗುತ್ತದೆ. ಹೆಜ್ಜೆ ಚಿಕ್ಕದಾಗುತ್ತದೆ, ದನಿ ಇಳಿಯುತ್ತದೆ, ಮುಖದ ಸ್ನಾಯುಗಳೂ ಹೇಳಿದ ಮಾತು ಕೇಳುವುದಿಲ್ಲ. ನಗುವುದೂ ಒಂದು ಚಲನೆಯೇ ಅಲ್ಲವೇ? ಮಾತ್ರೆ ಆ ಕೊರತೆಯನ್ನು ಒಂದಿಷ್ಟು ತುಂಬುತ್ತದೆ. ಪೂರ್ತಿ ಅಲ್ಲ.

ಶಾರದಮ್ಮ ಸೀದಾ ಒಳಗೆ ಹೋದರು. ಅವರು ಗಿರಿಜಕ್ಕನ ಪಕ್ಕ ಚಾಪೆಯ ಮೇಲೆ ಕೂತು, ನೀಲಿ ಸೀರೆಯನ್ನು ಮತ್ತೆ ಬಿಚ್ಚಿದರು. "ನಿಧಾನಕ್ಕೆ ಹೇಳ್ರಿ ಬೀಗ್ರೇ. ನಂಗೇನ್ ಅವಸರ ಇಲ್ಲ."

ಕಾದರು. ನಾವೂ ಕಾದೆವು.

ಕೊನೆಗೆ ಸಣ್ಣ ದನಿಯೊಂದು ಬಂತು. "ನೀಲಿ ಬ್ಯಾಡ. ನನ್ ಮಗ್ಳಿಗೆ ಕೆಂಪೇ ಒಪ್ಪೋದು."

"ನನ್ ಸೊಸೆಗೆ ನೀಲೀನೇ!" ಶಾರದಮ್ಮ ಜಗಳಕ್ಕೇ ನಿಂತರು. ಗಿರಿಜಕ್ಕ ಬಿಟ್ಟುಕೊಡಲಿಲ್ಲ. ಕೆಂಪು ಸೀರೆಯೇ ಬಂತು.

ಬಸ್ ಹತ್ತಿಸುವಾಗ ಶಾರದಮ್ಮ ಪಲ್ಲವಿಯ ಕೆನ್ನೆ ತಟ್ಟಿದರು. "ಫೋಟೋದಾಗೆ ನಗ್ರಿ ಅಂತ ನಿಮ್ಮವ್ವಗೆ ಯಾರಾದ್ರೂ ಅನ್ಲಿ, ನಾನಿದ್ದೀನಿ."

ನಗದವರ ಪಕ್ಕ ಕೂತು, ಮಾತು ಬರುವ ತನಕ ಕಾಯುವಷ್ಟು ಪುರುಸೊತ್ತು ನಮ್ಮಲ್ಲಿ ಎಷ್ಟು ಜನಕ್ಕಿದೆ?