ಬಾಗಿಲಲ್ಲಿ ನನ್ನ ಚಪ್ಪಲಿ

ಹೊಸ ಸೀರೆಯ ಪೊಟ್ಟಣ ಬಿಚ್ಚಿದಾಗ ಒಂದು ವಾಸನೆ ಬರುತ್ತದಲ್ಲ, ಗಂಜಿ, ಬಣ್ಣ, ಒಳಗಿನ ರಟ್ಟು ಎಲ್ಲ ಕೂಡಿದ್ದು, ಅದು ಮೂಗಿಗೆ ತಾಗಿದರೆ ಸಾಕು, ಮನೆಯಲ್ಲಿದ್ದಾಗ ನನ್ನ ಕಾಲು ತಾನಾಗಿಯೇ ಚಪ್ಪಲಿ ಹುಡುಕುತ್ತದೆ. ಈ ಭಾನುವಾರ ಬೆಳಿಗ್ಗೆಯೂ ಹಾಗೇ ಆಯಿತು. ಈ ತೆಲುಗು ಊರಿನ ತಾರ್ನಾಕ ಬಡಾವಣೆಯ ನಮ್ಮ ಮನೆಯಲ್ಲಿ ಚಹಾ ಲೋಟ ಹಿಡಿದು ಪೇಪರಿನಲ್ಲಿ ಮುಖ ಹುದುಗಿಸಿದ್ದೆ. ಮುಂದಿನ ಗಲ್ಲಿಯ ಪದ್ಮಮ್ಮ ಬಾಗಿಲಲ್ಲಿ ಕಾಣಿಸಿಕೊಂಡರು. ಕೈಯಲ್ಲಿ ಅರ್ಧ ಬಿಚ್ಚಿದ ಸೀರೆಯ ಪೊಟ್ಟಣ, ಬೆನ್ನ ಹಿಂದೆ ಹೊಸದಾಗಿ ಬಂದ ಸೊಸೆ. ನನ್ನ ಹೆಂಡತಿಯ ಹತ್ತಿರ ರವಿಕೆ ಹೊಲಿಸಲು ಬಂದಿದ್ದಾರೆ ಎಂದು ಗೊತ್ತಾಗಿ ನಾನು ಲೋಟ ಕೆಳಗಿಟ್ಟು ಎದ್ದೆ, ಒಂದು ಕಾಲನ್ನು ಚಪ್ಪಲಿಗೆ ತೂರಿಸಿಯೂಬಿಟ್ಟೆ. ಎಲ್ಲಿಗೆ ಹೊರಟೆ ಎಂದು ಕೇಳಿದರೆ ನನಗೇ ಗೊತ್ತಿಲ್ಲ. ಇದೊಂದು ಹಳೆಯ ಚಾಳಿ. ಅದು ಹೇಗೆ ಅಂಟಿಕೊಂಡಿತು ಎಂದು ಹೇಳದೆ ಮುಂದಿನ ಸಂಗತಿ ಹೇಳಿ ಪ್ರಯೋಜನವಿಲ್ಲ. ಪದ್ಮಮ್ಮ ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತಿರಲಿ, ನೀವು ಹೀಗೆ ಬಂದು ಕುಳಿತುಕೊಳ್ಳಿ.

ಕೆಲವು ವರ್ಷಗಳ ಹಿಂದೆ ನಾನು ಊರ ಹೊರಗಿನ ಒಂದು ಔಷಧಿ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಸೂಪರ್‌ವೈಸರ್ ಆಗಿದ್ದೆ. ಸೂಪರ್‌ವೈಸರ್ ಅಂದರೆ ಗಾಬರಿ ಬೀಳಬೇಡಿ, ಕೈಕೆಳಗೆ ನಾಲ್ಕು ಜನ, ತಲೆಯ ಮೇಲೆ ನಲವತ್ತು ಜನ. ಒಂದು ದಿನ ಕಾರ್ಖಾನೆ ಬೇರೆ ರಾಜ್ಯಕ್ಕೆ ಹೊರಟಿತು, ನಾವು ಮನೆಗೆ ಹೊರಟೆವು. ಹೊರಡುವಾಗ ಆಫೀಸಿನವರು ಒಂದು ಸಿಹಿ ಸುದ್ದಿ ಹೇಳಿದರು. ಇಷ್ಟು ವರ್ಷ ಸಂಬಳದಲ್ಲಿ ಮುರಿದುಕೊಂಡ ಕಾರ್ಮಿಕ ವಿಮೆಯಿಂದ, ಕೆಲಸ ಹೋದವರಿಗೆ ಕೆಲವು ತಿಂಗಳ ಮಟ್ಟಿಗೆ ಅರ್ಧ ಸಂಬಳ ಭತ್ಯೆಯಾಗಿ ಬರುತ್ತದಂತೆ. ಬೇರೆ ಕೆಲಸಕ್ಕೆ ಸೇರಿದ ದಿನ ಅದು ನಿಲ್ಲುತ್ತದಂತೆ. ಸುಮ್ಮನೆ ಕುಳಿತವನಿಗೂ ದುಡ್ಡು ಬರುವ ಕಾಲವಿದು ಎನ್ನುವುದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ಕೆಲಸ ಹೋದವನು ಗಡ್ಡ ಬಿಟ್ಟು ಮೂಲೆ ಹಿಡಿದು ಕೂರಬೇಕೆಂದು ಎಲ್ಲರೂ ಬಯಸುತ್ತಾರೆ. ನಾನು ಮಾತ್ರ, ನಿಜ ಹೇಳುತ್ತೇನೆ, ಮೊದಲ ತಿಂಗಳು ಬಹಳ ಸುಖವಾಗಿದ್ದೆ. ಅರ್ಧ ಆಯುಷ್ಯ ಸೈರನ್ನಿಗೆ ಎದ್ದು ಓಡಿದವನಿಗೆ ಮಧ್ಯಾಹ್ನದ ನಿದ್ದೆಯ ರುಚಿ ಹತ್ತಿದರೆ ಕೇಳಬೇಕೆ? ಉಂಡು ಅಡ್ಡಾಗುವುದು, ಎದ್ದು ಚಹಾ ಕುಡಿಯುವುದು, ಸಂಜೆ ಆಯಿತಲ್ಲ ಎಂದು ಆಶ್ಚರ್ಯಪಡುವುದು. ಬೇಸರ ಬಂದಾಗ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ ಕಾರ್ಖಾನೆಯ ಶಿಸ್ತಿನಲ್ಲಿ ಎತ್ತರದ ಪ್ರಕಾರ ಜೋಡಿಸಿದೆ. ಸಾಸಿವೆ ಡಬ್ಬಿ ಸಿಗದೆ ನನ್ನ ಹೆಂಡತಿ ಸುಮಂಗಲಾ ಒಗ್ಗರಣೆ ಇಲ್ಲದ ಸಾರು ಬಡಿಸಿದಳು, ಬೈಯಲಿಲ್ಲ. ಅವಳು ಬೈಯದಿದ್ದರೆ ನಾನು ಎಚ್ಚರವಾಗಬೇಕಿತ್ತು. ಆಗಲಿಲ್ಲ.

ಅಷ್ಟರಲ್ಲಿ ಪರಿಚಯದವರೊಬ್ಬರು ಕೋಠಿ ಪೇಟೆಯ ಸೀರೆ ಅಂಗಡಿಯೊಂದರಲ್ಲಿ ಸೇಲ್ಸ್‌ಮನ್ ಕೆಲಸವಿದೆ, ಬರುತ್ತೀಯಾ ಎಂದು ಕೇಳಿದರು. ಸಂಬಳ ಕೇಳಿ ನನ್ನ ಮೀಸೆ ಇಳಿಯಿತು. ನನ್ನ ಭತ್ಯೆಗಿಂತ ಕೂದಲೆಳೆಯಷ್ಟು ಹೆಚ್ಚು, ಅಷ್ಟೆ. ಯಾರನ್ನಾದರೂ ಕೇಳೋಣವೆಂದು ದಿಲ್‌ಸುಖ್‌ನಗರಕ್ಕೆ, ಮಲ್ಲಿಕಾರ್ಜುನನ ಮನೆಗೆ ಹೋದೆ. ಅವನೂ ನಮ್ಮ ರಾಯಚೂರು ಕಡೆಯವನು, ನನ್ನ ಜೊತೆಯಲ್ಲೇ ಕೆಲಸ ಕಳೆದುಕೊಂಡವನು, ಲೆಕ್ಕದಲ್ಲಿ ಭಾರಿ ಚುರುಕು. ಮಾವಿನಹಣ್ಣು ಹೆಚ್ಚುತ್ತಲೇ ತೀರ್ಪು ಕೊಟ್ಟ.

“ಲೇ, ಜಾಸ್ತಿ ಬರೋ ರೊಕ್ಕ ಬಸ್ಸಿಗೆ, ಚಾಕ್ಕ ಹೋಗ್ತೈತಿ. ಅಂದ್ರ ನೀ ಮುಂಜಾನಿಂದ ರಾತ್ರಿತನ ಪುಕ್ಕಟ ನಿಂದರಬೇಕು. ಮನ್ಯಾಗ ಕುಂದ್ರಾಕ ರೊಕ್ಕ ಕೊಡಾಕತ್ತಾರ, ಸುಮ್ನ ಕುಂದ್ರು.”

ಅಷ್ಟೇ ಅಲ್ಲ, ಒಮ್ಮೆ ಸಣ್ಣ ಸಂಬಳಕ್ಕೆ ಒಪ್ಪಿಕೊಂಡವನನ್ನು ಮುಂದೆ ಯಾವ ಕಾರ್ಖಾನೆಯೂ ದೊಡ್ಡ ಸಂಬಳಕ್ಕೆ ಕರೆಯುವುದಿಲ್ಲ ಎಂದೂ ಹೆದರಿಸಿದ. ಮಾತಿನಲ್ಲಿ ಎಲ್ಲೂ ತಪ್ಪು ಕಾಣಲಿಲ್ಲ. ನಾನು ನೆಮ್ಮದಿಯಿಂದ ಮನೆಗೆ ಬಂದು ಮಲಗಿದೆ.

ನಮ್ಮ ಮನೆಯ ವಿಚಾರ ಇಲ್ಲಿ ಹೇಳಬೇಕು. ಇರುವುದು ಒಂದೇ ಕೋಣೆ, ಹಿಂದೆ ಚೂರು ಅಡುಗೆಮನೆ. ಕಿಟಕಿಯ ಕೆಳಗೆ ಸುಮಂಗಲಾಳ ಹೊಲಿಗೆ ಮಷೀನು, ಎದುರು ಮೂಲೆಯಲ್ಲಿ ಮಂಚ. ಸುತ್ತಲಿನ ಗಲ್ಲಿಗಳ ಹೆಂಗಸರಿಗೆ ರವಿಕೆ ಹೊಲಿಯುವವಳು ಅವಳು. ನಾನು ಕಾರ್ಖಾನೆಯಲ್ಲಿರುವ ಹೊತ್ತಿನಲ್ಲಿ ಅವರು ಬರುವುದು, ಅಳತೆ ಕೊಡುವುದು, ಒಂದಿಷ್ಟು ಹರಟೆ ಹೊಡೆದು ಹೋಗುವುದು. ನಾನು ಮನೆ ಹಿಡಿದ ಮೇಲೆ ಮಷೀನಿನ ಸದ್ದು ಕಡಿಮೆಯಾಗುತ್ತ ಬಂತು. ಆಷಾಢವಲ್ಲವೇ, ಮದುವೆ ಮುಂಜಿ ಇಲ್ಲ, ಅದಕ್ಕೇ ಇರಬೇಕೆಂದುಕೊಂಡೆ. ಸದ್ದಿಲ್ಲದ್ದರಿಂದ ನಿದ್ದೆಯೂ ಚೆನ್ನಾಗಿ ಬರುತ್ತಿತ್ತು.

ಒಂದು ಮಧ್ಯಾಹ್ನ ಕಿಟಕಿಯಿಂದ ಸುಮ್ಮನೆ ಹೊರಗೆ ನೋಡುತ್ತಿದ್ದೆ. ಪದ್ಮಮ್ಮ ಬಟ್ಟೆಯ ಚೀಲ ಹಿಡಿದು ನಮ್ಮ ಮೆಟ್ಟಿಲು ಹತ್ತಿದರು. ಹೊಸ್ತಿಲ ಹತ್ತಿರ ನಿಂತು ಕೆಳಗೆ ನೋಡಿದರು. ಅಲ್ಲಿ ನನ್ನ ಚಪ್ಪಲಿ ಇತ್ತು. ಅದನ್ನು ನೋಡಿದವರೇ ತಿರುಗಿ, ಬಂದ ದಾರಿಯಲ್ಲೇ ಹೋದರು. ಗಂಡಸು ಮನೆಯಲ್ಲಿ ಕುಳಿತಿರುವಾಗ ಯಾವ ಹೆಂಗಸು ಒಳಗೆ ಬಂದು ಅಳತೆ ಕೊಟ್ಟಾಳು? ಸುಮಂಗಲಾ ಎಲ್ಲ ಬಲ್ಲವಳಾಗಿ ಒಂದು ಮಾತೂ ಆಡಿರಲಿಲ್ಲ. ಕೆಲಸ ಹೋಗಿದ್ದಕ್ಕೆ ಆಗದ ನಾಚಿಕೆ ಅವತ್ತು ನನಗಾಯಿತು.

ನಾಚಿಕೆಯಾದಾಗ ಬುದ್ಧಿವಂತ ಏನು ಮಾಡುತ್ತಾನೋ ಗೊತ್ತಿಲ್ಲ. ನಾನು ಮಾಡಿದ್ದು ಇಷ್ಟು: ಚಪ್ಪಲಿಯನ್ನು ಒಳಗೆ ತಂದು ಮಂಚದ ಕೆಳಗೆ ಬಚ್ಚಿಟ್ಟೆ. ಚಪ್ಪಲಿ ಕಾಣದಿದ್ದರೆ ಗಿರಾಕಿ ಬರುತ್ತಾರೆ, ಬಂದಾಗ ಹಿಂದಿನ ಅಡುಗೆಮನೆಗೆ ಸರಿದರಾಯಿತು ಎಂಬುದು ನನ್ನ ಉಪಾಯ. ಹಾಗೆ ಮಾಡಿ, ಊಟವಾದ ಮೇಲೆ ಹೊದಿಕೆ ಹೊದ್ದು ಮಲಗಿದ್ದೇ ತಪ್ಪಾಯಿತು. ಸುಮಂಗಲಾ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಪದ್ಮಮ್ಮ ಬಂದರು, ಹೊಸ್ತಿಲು ಖಾಲಿ ಕಂಡು ಧೈರ್ಯವಾಗಿ ಒಳಗೆ ಬಂದರು, ಮಂಚದ ಅಂಚಿನಲ್ಲಿ ಕುಳಿತು ಸುಮಂಗಲಾಳನ್ನು ಕೂಗಿದರು. ಆಗ ಹೊದಿಕೆ ಸೀನಿತು. ಆ ದೊಡ್ಡ ಜೀವ ಅಷ್ಟು ವೇಗವಾಗಿ ಮೆಟ್ಟಿಲಿಳಿದಿದ್ದನ್ನು ಆಮೇಲೆ ನಾನೆಂದೂ ನೋಡಿಲ್ಲ. ಸಂಜೆಯೊಳಗೆ ಮೂರು ಗಲ್ಲಿಗೂ ಸುದ್ದಿ ಮುಟ್ಟಿತು, ಬರುತ್ತಿದ್ದ ಒಬ್ಬಿಬ್ಬರೂ ನಿಂತರು.

ಮರುದಿನದಿಂದ ನಾನು ಊಟ ಮುಗಿಸಿ ಹೊರಗೆ ಹೋಗತೊಡಗಿದೆ. ಹತ್ತಿರದ ಯೂನಿವರ್ಸಿಟಿಯ ಮರಗಳ ಕೆಳಗೆ ಕಲ್ಲುಬೆಂಚುಗಳಿವೆ, ನೆರಳಿದೆ, ಯಾರೂ ಏನೂ ಕೇಳುವುದಿಲ್ಲ. ಆದರೆ ಬೆಂಚಿನ ಮೇಲೆ ಕತ್ತಲಾಗುವವರೆಗೆ ಕೂರುವುದು ಎಷ್ಟು ಕಷ್ಟದ ಕೆಲಸ ಎನ್ನುವುದು ಕುಳಿತವರಿಗೇ ಗೊತ್ತು. ಬೆನ್ನು ನೋಯುತ್ತಿತ್ತು, ಚಹಾ ಬೇಕೆನಿಸುತ್ತಿತ್ತು, ಹೊತ್ತು ಸರಿಯುತ್ತಿರಲಿಲ್ಲ. ಮನೆಯಲ್ಲಿ ಕೂರಲು ಕೊಡುವ ದುಡ್ಡಿನಲ್ಲಿ ನಾನು ಬೀದಿಯಲ್ಲಿ ಕುಳಿತಿದ್ದೇನಲ್ಲ ಎಂದು ನಗು ಬಂತು. ಮಲ್ಲಿಕಾರ್ಜುನನ ಲೆಕ್ಕದಲ್ಲಿ ಬಸ್ಸಿತ್ತು, ಚಹಾ ಇತ್ತು, ನನ್ನ ಹೆಂಡತಿಯ ಮಷೀನು ಇರಲಿಲ್ಲ. ಅವನ ಹೆಂಡತಿ ಹೊಲಿಯುವುದಿಲ್ಲ, ಪಾಪ, ಅವನಿಗೆ ಹೇಗೆ ಹೊಳೆಯಬೇಕು?

ರಾತ್ರಿ ಊಟಕ್ಕೆ ಕುಳಿತಾಗ ಅಂಗಡಿಯ ಕೆಲಸಕ್ಕೆ ಹೋಗಲೇ ಎಂದು ಸುಮಂಗಲಾಳನ್ನು ಕೇಳಿದೆ. ಅವಳು ರೊಟ್ಟಿ ಬಡಿಸುತ್ತ ಹೇಳಿದಳು.

“ನೀವು ಮನ್ಯಾಗ ಇದ್ರ ನನಗೇನ ಬ್ಯಾಸರ ಇಲ್ರಿ. ಮಷೀನಿಗೆ ಬ್ಯಾಸರ ಆಗೇತಿ.”

ಭತ್ಯೆಯ ತಿಂಗಳುಗಳು ಇನ್ನೂ ಉಳಿದಿದ್ದವು. ಅವನ್ನು ಬಿಟ್ಟು ನಾನು ಕೋಠಿಯ ಬಸ್ಸು ಹತ್ತಿದೆ.

ಅಂಗಡಿಯಲ್ಲಿ ನಮ್ಮ ಕಡೆಯ ಕನ್ನಡ ಬಲ್ಲ ಖಾಜಾ ಭಾಯಿ ಎಂಬವರು ಹಿರಿಯ ಸೇಲ್ಸ್‌ಮನ್. ಮೊದಲ ದಿನವೇ ನನ್ನನ್ನು ಮೇಲಿಂದ ಕೆಳಗೆ ನೋಡಿ, ಎತ್ತರ ಐತಿ, ಹೊಟ್ಟಿ ಇಲ್ಲ, ನೀನೇ ಉಡು ಎಂದರು. ಉಡುವುದೆಂದರೆ ನಿಜವಾಗಿಯೂ ಉಡುವುದು. ಸೀರೆ ಮೈಮೇಲೆ ಹೇಗೆ ಕಾಣುತ್ತದೆಂದು ಗಿರಾಕಿಗೆ ತೋರಿಸಬೇಕಲ್ಲ, ಅದಕ್ಕೆ ಅಂಗಿ ಪ್ಯಾಂಟಿನ ಮೇಲೆಯೇ ಸುತ್ತಿಕೊಂಡು, ನೆರಿಗೆಯನ್ನು ಬೆಲ್ಟಿಗೆ ಸಿಕ್ಕಿಸಿ, ಸೆರಗು ಹೆಗಲಿಗೆ ಹಾಕಿ, ಒಮ್ಮೆ ಆ ಕಡೆ ಒಮ್ಮೆ ಈ ಕಡೆ ತಿರುಗಬೇಕು. ಇಂಥವರನ್ನು ಕಂಡು ನೀವು ಬಾಯಿ ಮುಚ್ಚಿಕೊಂಡು ನಕ್ಕಿರುತ್ತೀರಿ. ನಾನೂ ನಕ್ಕವನೇ. ಈಗ ಕನ್ನಡಿಯಲ್ಲಿ ನನ್ನ ದಪ್ಪ ಮೀಸೆ, ಅದರ ಕೆಳಗೆ ಗಿಳಿಹಸಿರು ಸೆರಗು. ನನ್ನ ಕಿವಿ ಕೆಂಪಾಗಿದ್ದನ್ನು ಖಾಜಾ ಭಾಯಿ ನೋಡಿದರು.

“ಶರಮ್ ನಕ್ಕೋ, ಮಿಯಾ, ನಾಚ್ಕೋಬ್ಯಾಡ. ನಿನ್ನ ಮುಖ ಯಾರು ನೋಡ್ತಾರ? ಎಲ್ಲಾರೂ ಸೀರಿ ನೋಡ್ತಾರ.”

ಅದು ಅಪ್ಪಟ ನಿಜವಾಗಿತ್ತು, ಅದೇ ಬೇಸರದ ಸಂಗತಿ. ಒಂದು ಕಾಲದಲ್ಲಿ ನನ್ನ ಮೀಸೆಯನ್ನು ನಾಲ್ಕು ಜನವಾದರೂ ನೋಡುತ್ತಿದ್ದರು. ಆದರೂ ಕೈ ನಿಧಾನವಾಗಿ ಪಳಗಿತು. ಯಾವ ಬಟ್ಟೆ ನೆರಿಗೆಗೆ ನಿಲ್ಲುತ್ತದೆ, ಯಾವುದು ಜಾರುತ್ತದೆ ಎಂದು ಬೆರಳಿಗೇ ತಿಳಿಯತೊಡಗಿತು. ಮನೆಯಲ್ಲಿ ಮಾತ್ರ ಕೌಂಟರ್ ಕೆಲಸ ಎಂದಷ್ಟೇ ಹೇಳಿದ್ದೆ. ಸೂಪರ್‌ವೈಸರ್‌ನ ಹೆಂಡತಿಯಾಗಿದ್ದವಳಿಗೆ, ನಿನ್ನ ಗಂಡ ದಿನವಿಡೀ ಸೀರೆ ಉಟ್ಟು ನಿಲ್ಲುತ್ತಾನೆ ಎಂದು ಯಾವ ಬಾಯಿಂದ ಹೇಳುವುದು?

ಶ್ರಾವಣದ ಗದ್ದಲದ ಒಂದು ದಿನ ನಾನು ಬಾದಾಮಿ ಬಣ್ಣದ ಸೀರೆ ಉಟ್ಟು ತಿರುಗಿದೆ, ಎದುರಿಗೆ ಸುಮಂಗಲಾ ನಿಂತಿದ್ದಳು. ಜೊತೆಗೆ ಪದ್ಮಮ್ಮ. ಯಾವುದೋ ಮದುವೆಗೆ ಸೀರೆ ಆರಿಸಿಕೊಡಲು ಅವರೇ ಇವಳನ್ನು ಎಳೆದು ತಂದಿದ್ದರು. ಕೋಠಿಯಲ್ಲಿ ಅಷ್ಟು ಅಂಗಡಿಗಳಿದ್ದೂ ಇದೇ ಸಿಗಬೇಕೆ? ಪದ್ಮಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಲುಗಾಡತೊಡಗಿದರು. ನನಗೆ ಸೀರೆ ಕಿತ್ತೆಸೆದು ಮರದಡಿಯ ಬೆಂಚಿಗೆ ಓಡಬೇಕೆನಿಸಿತು, ನೆರಿಗೆ ಬೆಲ್ಟಿನಲ್ಲಿ ಸಿಕ್ಕಿಕೊಂಡಿತ್ತು. ಸುಮಂಗಲಾ ನಗಲಿಲ್ಲ. ನಿಧಾನವಾಗಿ ಬಂದು ಗಾದಿಯ ಮೇಲೆ ಕುಳಿತಳು, ಚೀಲ ಪಕ್ಕಕ್ಕಿಟ್ಟಳು, ಎಲ್ಲ ಗಿರಾಕಿಗಳಂತೆ ಕತ್ತೆತ್ತಿ ನೋಡಿದಳು.

“ಸೆರಗು ಸ್ವಲ್ಪ ಈ ಕಡಿ ತೋರಸ್ರಿ.”

ತೋರಿಸಿದೆ. ಆಮೇಲೆ ನೇರಳೆ ಬಣ್ಣದ್ದು ಉಡಿಸಿದಳು, ಹಳದಿ ಉಡಿಸಿದಳು, ಆ ಮೂಲೆಯದು ತೆಗೆಯಿರಿ ಎಂದಳು, ಮತ್ತೆ ಮೊದಲಿನದೇ ಉಡಿಸಿದಳು. ಪದ್ಮಮ್ಮನ ನಗು ಯಾವಾಗ ನಿಂತಿತೋ, ಅವರೂ ಗಂಭೀರವಾಗಿ ಅಂಚು ಮುಟ್ಟಿ ನೋಡುತ್ತಿದ್ದರು. ಮೂರು ಸೀರೆ ಕೊಂಡರು. ಸುಮಂಗಲಾ ಏನೂ ಕೊಳ್ಳದೆ, ಆಮೇಲೆ ಬರ್ತೀವ್ರಿ ಎಂದು ಎದ್ದಳು. ಆ ಮಾತು ಕೇಳಿದರೆ ಸೇಲ್ಸ್‌ಮನ್ನುಗಳ ಹೊಟ್ಟೆ ಉರಿಯುತ್ತದೆ. ನಾನು ಆ ಗುಡ್ಡೆಯನ್ನೆಲ್ಲ ಮಡಿಚುವಾಗ ನನ್ನ ಕಣ್ಣು ತುಂಬಿತ್ತು. ಸಂತೋಷಕ್ಕೆ, ಮತ್ತೇನಕ್ಕಲ್ಲ.

ಅವತ್ತು ಮನೆಗೆ ಬಂದಾಗ ಅವಳು ಗೋಡೆಗೊರಗಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಯಾಕೆ ಹೇಳಲಿಲ್ಲ ಎಂದು ಕೇಳಿದಳು. ನೀನು ನಗ್ತಿ ಅಂತ, ಎಂದೆ.

“ಈಗ ನಕ್ಕೆನಲ್ರಿ, ಏನಾತು?”

ಏನೂ ಆಗಿರಲಿಲ್ಲ. ಮಷೀನಿನ ಪಕ್ಕದಲ್ಲಿ ರವಿಕೆ ಬಟ್ಟೆಗಳು ಗುಡ್ಡೆ ಬಿದ್ದಿದ್ದವು. ಮುಂದೆ ಅಂಗಡಿಯಲ್ಲಿ ಯಾರಾದರೂ ರವಿಕೆ ಎಲ್ಲಿ ಹೊಲಿಸಲಿ ಎಂದು ಕೇಳಿದರೆ ನಾನು ತಾರ್ನಾಕದ ಕಡೆ ಕೈ ತೋರಿಸತೊಡಗಿದೆ. ವರ್ಷ ಕಳೆಯುವುದರೊಳಗೆ ಕೋಣೆಯ ನಡುವೆ ದಪ್ಪನೆಯ ಪರದೆ ಬಂತು. ಮಲ್ಲಿಕಾರ್ಜುನ ಭತ್ಯೆ ಮುಗಿಯುವವರೆಗೆ ಕುಳಿತಿದ್ದು, ಆಮೇಲೆ ನಿಜವಾಗಿಯೂ ಒಳ್ಳೆಯ ಕೆಲಸ ಹಿಡಿದ. ಇವತ್ತಿಗೂ ನನಗಿಂತ ಹೆಚ್ಚು ದುಡಿಯುತ್ತಾನೆ. ಅವನ ಮನೆಗೆ ಹೋದಾಗಲೆಲ್ಲ ನನ್ನ ದಡ್ಡತನದ ಮಾತು ತೆಗೆಯುತ್ತಾನೆ, ನಾನು ಮಾವಿನಹಣ್ಣು ತಿನ್ನುತ್ತ ಹೌದು ಹೌದು ಎನ್ನುತ್ತೇನೆ. ಖಾಜಾ ಭಾಯಿ ಕೆಲಸ ಬಿಟ್ಟ ಮೇಲೆ ಅಂಗಡಿಯಲ್ಲಿ ನಾನೇ ಹಿರಿಯ. ಸಂಬಳ ಈಗಲೂ ಅಂಥದ್ದೇನಲ್ಲ. ಬೆಳಿಗ್ಗೆ ಕೋಠಿಯ ಬಸ್ಸು ಹತ್ತುವಾಗ ಮಾತ್ರ ಮನಸ್ಸು ಹಗುರವಾಗಿರುತ್ತದೆ.

ಪದ್ಮಮ್ಮ ಇನ್ನೂ ಬಾಗಿಲಲ್ಲೇ ಇದ್ದಾರೆ, ನನ್ನ ಒಂದು ಕಾಲು ಚಪ್ಪಲಿಯಲ್ಲೇ ಇದೆ. ಸೊಸೆ ಹೊಸ್ತಿಲಾಚೆ ನಿಂತು ನನ್ನನ್ನು ನೋಡಿ, ನಾಳೆ ಬರೋಣವೇ ಎಂಬಂತೆ ಅತ್ತೆಯ ಸೆರಗು ಜಗ್ಗಿದಳು. ಆ ಜಗ್ಗಾಟ ನನಗೆ ಗೊತ್ತಿಲ್ಲದ್ದೇ? ಇನ್ನೊಂದು ಕಾಲನ್ನೂ ತೂರಿಸಲು ಹೋದೆ. ಪದ್ಮಮ್ಮ ನನ್ನ ದಾರಿಗೆ ಅಡ್ಡವಾಗಿ, “ಕೂರ್ಚೋಂಡಿ ಅನ್ನಾ” ಎಂದು ಕೂರಿಸುವ ಧಾಟಿಯಲ್ಲಿ ಕೈ ಮಾಡಿದರು. ಆಮೇಲೆ ಸೊಸೆಯ ಕಡೆ ತಿರುಗಿ ತೆಲುಗಿನಲ್ಲೇ ಹೇಳಿದ್ದನ್ನು ಕನ್ನಡದಲ್ಲಿ ಹೇಳುತ್ತೇನೆ.

“ಇವರ ಮುಂದೆ ಎಂಥ ನಾಚಿಕೆಯೇ? ನಿನ್ನ ಧಾರೆ ಸೀರೆಯನ್ನೂ ನಿನಗಿಂತ ಮೊದಲು ಉಟ್ಟವರು ಇವರೇ.”

ಹುಡುಗಿ ಸೀರೆಯನ್ನು ನೋಡಿದಳು, ನನ್ನ ಮೀಸೆಯನ್ನು ನೋಡಿದಳು, ತಡೆಯಲಾರದೆ ನಕ್ಕಳು. ನಗುತ್ತಲೇ ತನ್ನ ಚಪ್ಪಲಿ ಬಿಟ್ಟು ಒಳಗೆ ಬಂದಳು. ಸುಮಂಗಲಾ ಪರದೆ ಎಳೆದು, ಆ ಕಡೆಯಿಂದಲೇ ನನಗೆ ಚಾ ಆರಾಕತ್ತೈತಿ ಎಂದು ನೆನಪಿಸಿದಳು. ನಾನು ಕಾಲು ಹೊರತೆಗೆದು, ನನ್ನ ಚಪ್ಪಲಿಯನ್ನು ಆ ಹುಡುಗಿಯ ಚಪ್ಪಲಿಯ ಪಕ್ಕದಲ್ಲೇ ಬಿಟ್ಟು, ನನ್ನ ಜಾಗಕ್ಕೆ ಬಂದು ಕುಳಿತೆ.